ಪಳನಿಯಮ್ಮನ ಮೊದಲ ತುತ್ತು

ಆ ಸಂಜೆ ಏನೇನು ಕೆಡಬಹುದು ಅಂತ ನಾನು ಮಧ್ಯಾಹ್ನವೇ ಮನಸ್ಸಿನಲ್ಲಿ ಪಟ್ಟಿ ಮಾಡಿಟ್ಟುಕೊಂಡಿದ್ದೆ. ಊದುಬತ್ತಿ ಹೊಗೆಗೆ ಸೂರಿನಲ್ಲಿರುವ ಅಲಾರಂ ಬಡಿದುಕೊಳ್ಳಬಹುದು. ಅದು ಬಡಿದುಕೊಂಡರೆ ಕೆಳಗಿನ ಮನೆ ಅಜ್ಜಿ ಹೆದರಿ ಬೆಂಕಿ ಆರಿಸೋರನ್ನ ಕರೆಯಬಹುದು. ಅಜ್ಜಿ ಬಾಲ್ಕನಿಯಲ್ಲಿ ಬಿಸಿಲಿಗೆ ಹಾಕಿದ ಹಾಸಿಗೆ ಮೇಲೆ ನಮ್ಮ ಮೊಸರನ್ನ ಬೀಳಬಹುದು. ಕಾಗೆಗೆ ಅನ್ನ ಹಾಕೋದು ಆ ದೇಶದಲ್ಲಿ ಕಸ ಬೀದಿಗೆ ಎಸೆದ ಹಾಗೆ. ಯಾರಾದರೂ ನೋಡಿ ಕಂಪನಿಗೆ ದೂರು ಕೊಡಬಹುದು. ಕಂಪನಿ ನನ್ನನ್ನ ವಾಪಸ್ ಕಳಿಸಬಹುದು. ಶಿವಮೊಗ್ಗದಲ್ಲಿ ನನ್ನ ಹೆಂಡತಿ ಅಕ್ಕಪಕ್ಕದವರಿಗೆ, "ಜಪಾನಿಗೆ ಹೋಗಿ ಕಾಗೆ ಕರೆದು ಕೆಲಸ ಕಳ್ಕೊಂಡ್ರು" ಅಂತ ಹೇಳಬೇಕಾಗಬಹುದು.

ಇಷ್ಟರಲ್ಲಿ ಯಾವುದೂ ಆಗಲಿಲ್ಲ. ಕೆಟ್ಟದ್ದು ಒಂದೇ ಒಂದು, ಬಹಳ ಸಣ್ಣದು. ಅದನ್ನ ಕೊನೆಗೆ ಹೇಳ್ತೀನಿ. ಮೊದಲೇ ಹೇಳಿಬಿಟ್ಟರೆ ನೀವು ನಗ್ತೀರಿ.

ನಂಬಿ ಅಂತ ನಾನು ಯಾರನ್ನೂ ಬೇಡ್ಕೊಳ್ಳಲ್ಲ. ಮನೆಯಲ್ಲೇ ನಂಬಿಲ್ಲ. ಆದರೆ ನಾನು ಗ್ಯಾಸ್ ಆಫ್ ಮಾಡಿದ್ದನ್ನ ಮೂರು ಸಲ ನೋಡಿ ಬರುವ ಮನುಷ್ಯ. ಕಂಡದ್ದನ್ನ ಕಂಡಿಲ್ಲ ಅಂದುಕೊಳ್ಳೋದಕ್ಕೆ ನಾನು ಪಟ್ಟಷ್ಟು ಪಾಡನ್ನ ಬೇರೆ ಯಾರೂ ಪಟ್ಟಿರಲಿಕ್ಕಿಲ್ಲ.

ನಗೋಯಾ ಪಕ್ಕದ ಒಂದು ಊರಲ್ಲಿ, ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಮೂರು ವರ್ಷ ಇದ್ದೆ. ಕಂಪನಿ ಕೊಟ್ಟ ಮನೆ, ಎರಡನೇ ಮಹಡಿ, ಇಬ್ಬರಿಗೆ ಒಂದು. ನನ್ನ ಜೊತೆ ಇದ್ದವನು ಸೆಲ್ವರಾಜ. ಭದ್ರಾವತಿಯವನು. ಅಜ್ಜನ ಕಾಲದಲ್ಲಿ ಕಾರ್ಖಾನೆ ಕೆಲಸಕ್ಕೆ ಅಂತ ತಮಿಳುನಾಡಿಂದ ಬಂದು ಅಲ್ಲೇ ಉಳಿದ ಮನೆತನ. ನನಗಿಂತ ಆರೇಳು ವರ್ಷ ಚಿಕ್ಕವನು, ನನಗಿಂತ ನೂರು ಪಾಲು ಧೈರ್ಯಸ್ಥ. ಜಪಾನಿ ಭಾಷೆ ನೀರು ಕುಡಿದ ಹಾಗೆ ಮಾತಾಡ್ತಿದ್ದ. ನನಗೆ ಬರ್ತಿದ್ದದ್ದು ಮೂರು ಮಾತು: ನಮಸ್ಕಾರ, ಕ್ಷಮಿಸಿ, ಹೊಟ್ಟೆನೋವು.

ಹೊರಡೋ ಮೊದಲು ಅವನ ತಾಯಿ ಪಳನಿಯಮ್ಮ ನನ್ನನ್ನ ಭದ್ರಾವತಿಗೆ ಊಟಕ್ಕೆ ಕರೆದಿದ್ದರು. ನನಗೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ದರೆ ಗ್ಯಾಸ್ಟ್ರಿಕ್. ತಟ್ಟೆಗೆ ಅನ್ನ ಬಿದ್ದ ಕೂಡಲೇ ಕೈ ಹಾಕಿದೆ.

"ಅಯ್ಯೋ ತಂಬಿ! ಕಾಗೆಗೆ ಇಡದೆ ತಿಂತಾರಾ?"

ಅಂದವರೇ ಬಗ್ಗಿ ನನ್ನ ತಟ್ಟೆಯಿಂದಲೇ ಒಂದು ಹಿಡಿ ಅನ್ನ ತೆಗೆದುಕೊಂಡರು. ಹಿತ್ತಲಿಗೆ ಹೋಗಿ ಗೋಡೆ ಮೇಲಿಟ್ಟು "ಕಾ... ಕಾ..." ಅಂತ ಕರೆದರು. ಅವರ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ, ಯಾವಾಗಲೋ ರುಬ್ಬುವ ಕಲ್ಲಿಗೆ ಸಿಕ್ಕಿ ಸೆಟೆದು ಹೋಗಿತ್ತಂತೆ. ನನ್ನ ಅನ್ನದಲ್ಲಿ ಅವರ ಕೈ ಎದ್ದ ಜಾಗ ಕುಳಿಯಾಗಿತ್ತು. ಪಕ್ಕದಲ್ಲಿ ಆ ಕಿರುಬೆರಳು ಎಳೆದ ಉದ್ದನೆ ಗೀರು. ಅವರ ಕೈಯಿಂದ ಎಳ್ಳೆಣ್ಣೆ ವಾಸನೆ.

"ಮೊದಲ ತುತ್ತು ಹೋದವರದ್ದು ತಂಬಿ. ಉಳಿದದ್ದು ನಮ್ಮದು. ಈಗ ತಿನ್ನು."

ತಿಂದೆ. ಸಾರು ಬಹಳ ಚೆನ್ನಾಗಿತ್ತು.

ಎರಡನೇ ವರ್ಷದ ಡಿಸೆಂಬರ್. ಒಂದು ಭಾನುವಾರ ಸೆಲ್ವ ಸ್ನಾನಕ್ಕೆ ಹೋಗಿದ್ದ. ಮೇಜಿನ ಮೇಲೆ ಅವನ ಫೋನ್ ಬಡಿದುಕೊಂಡಿತು. 'ಅಮ್ಮ' ಅಂತಿತ್ತು. ಎತ್ತಿದೆ.

"ಯಾರು, ಸುರೇಶ ತಂಬಿನಾ?" ದನಿ ಬಾವಿ ಒಳಗಿಂದ ಬಂದ ಹಾಗಿತ್ತು. "ಒಳ್ಳೇದಾಯ್ತು. ಅವನ ಹತ್ರ ನಾನೇ ಹೇಳಿದ್ರೆ ಅಳ್ತಾನೆ. ನೀನು ಹೇಳು. ಈ ಸಲ ನಾನು ಉಳಿಯಲ್ಲ ಅನ್ಸತ್ತೆ. ಒಂದ್ಸಲ ಬಂದು ನನ್ನ ಕೈಯಲ್ಲಿ ಒಂದು ತುತ್ತು ತಿಂದು ಹೋಗ್ಲಿ, ಸಾಕು."

"ಹೇಳ್ತೀನಮ್ಮ. ಈಗಲೇ ಹೇಳ್ತೀನಿ."

"ಮರೀಬೇಡ ತಂಬಿ. ಮರೆತ್ರೆ ನಾನು ನಿನ್ನನ್ನ ಬಿಡಲ್ಲ, ನೋಡು." ನಕ್ಕರು. ನಗು ಕೆಮ್ಮಾಯಿತು.

ನಾನು ಹೇಳಲಿಲ್ಲ.

ಮರೆತೆ ಅಂತಲ್ಲ. ಬುಧವಾರ ಕಾರ್ಖಾನೆಯಲ್ಲಿ ದೊಡ್ಡ ತಪಾಸಣೆ ಇತ್ತು. ಸೆಲ್ವ ಹೊರಟುಬಿಟ್ಟರೆ ಆ ಅಧಿಕಾರಿಗಳ ಮುಂದೆ ನಾನೊಬ್ಬನೇ ನಿಲ್ಲಬೇಕು. ಅವರು ಕೇಳೋದಕ್ಕೆಲ್ಲ 'ಹೊಟ್ಟೆನೋವು' ಅಂತ ಉತ್ತರ ಕೊಡಕ್ಕಾಗುತ್ತಾ? ವಯಸ್ಸಾದವರು ಹಾಗೇ ಅಂತಾರೆ, ಬುಧವಾರ ಸಂಜೆ ಹೇಳಿದರಾಯ್ತು ಅಂದುಕೊಂಡೆ. ಫೋನಿನಲ್ಲಿ ಆ ಕರೆಯ ಗುರುತನ್ನೂ ಅಳಿಸಿಬಿಟ್ಟೆ. ಮೂರು ಸಲ ನೋಡಿದೆ, ಅಳಿಸಿತ್ತು.

ಬುಧವಾರ ಸಂಜೆ ಸೆಲ್ವ ಸುಸ್ತಾಗಿ ಮಲಗಿಬಿಟ್ಟಿದ್ದ. ನಾಳೆ ಬೆಳಿಗ್ಗೆ ಹೇಳೋಣ ಅಂದುಕೊಂಡೆ.

ಗುರುವಾರ ಬೆಳಗಾಗುವ ಮೊದಲೇ ಭದ್ರಾವತಿಯಿಂದ ಅವನ ತಮ್ಮ ಮುರುಗೇಶ ಫೋನ್ ಮಾಡಿದ. ಅಮ್ಮ ಹೋದರು, ಮಣ್ಣು ಮಾಡೋದು ಅವತ್ತೇ ಮಧ್ಯಾಹ್ನ ಅಂತ.

ಸೆಲ್ವ ಹೋಗಲಿಲ್ಲ. "ಇನ್ನು ಯಾರನ್ನ ನೋಡಕ್ಕೆ ಹೋಗ್ಲಿ ಮಾರಾಯ?" ಅಂದ. ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಒಮ್ಮೆಲೇ ಶುರು ಮಾಡಿದ. ಎಲ್ಲ ತಮ್ಮನ ಮೇಲೆ.

"ಅಮ್ಮಂಗೆ ಸೀರಿಯಸ್ ಅಂತ ಒಂದು ಮಾತು ಹೇಳಲಿಲ್ಲ ನೋಡು ಆ ಮುರುಗ. ಅಮ್ಮ ನನ್ನ ಕೇಳಿರ್ತಾಳೆ. ಕೇಳದೆ ಇರ್ತಾಳಾ? ಯಾರೋ ಮುಚ್ಚಿಟ್ಟಿದಾರೆ. ಇನ್ಮೇಲೆ ಅವನ ಮುಖ ನೋಡಲ್ಲ ನಾನು. ಸುರೇಶ, ನೀನು ಹೇಳು, ಹೀಗೆ ಮಾಡಿದೋರನ್ನ ಏನು ಮಾಡಬೇಕು?"

"ಬಿಡು ಸೆಲ್ವ, ದೇವರಿದ್ದಾನೆ..." ಅಂದೆ. ತಪ್ಪು ಮಾಡಿದವರು ದೇವರನ್ನ ನೆನೆಸಿಕೊಳ್ಳುವಷ್ಟು ಭಕ್ತರು ನೆನೆಸಿಕೊಳ್ಳಲ್ಲ.

ಪಾಪದ ಮುರುಗೇಶನ ಮೇಲೆ ದಿನಾ ಬೆಂಕಿ ಸುರೀತಿದ್ದ. ನಾನು ಕೇಳಿಸಿಕೊಂಡು ಪಾತ್ರೆ ತೊಳೀತಿದ್ದೆ. ಆ ಹದಿನೈದು ದಿನ ನಮ್ಮನೆ ಪಾತ್ರೆಗಳು ಕನ್ನಡಿ ಥರ ಇದ್ದವು.

ಹದಿನಾರನೇ ದಿನ ಅವರ ಕಡೆ ಕರ್ಮ ಮುಗಿಸೋ ದಿನ, ಇಬ್ಬರೂ ಅರ್ಧ ದಿನ ರಜೆ ಹಾಕಿದೆವು. "ಅಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಇಲ್ಲಿ ಮೂರೂವರೆ," ಅಂದ ಸೆಲ್ವ. "ಅಮ್ಮ ಭದ್ರಾವತಿ ಟೈಮಿಗೇ ಬರೋದು. ಜಪಾನ್ ಟೈಮ್ ಅವಳಿಗೇನು ಗೊತ್ತು."

ಅಡಿಗೆ ನಾನೇ ಮಾಡಿದೆ. ಅನ್ನ, ತಿಳಿಸಾರು, ಆಲೂಗಡ್ಡೆ ಪಲ್ಯ, ಹಪ್ಪಳ. ಬಾಳೆ ಎಲೆ ಎಲ್ಲಿಂದ ತರೋದು? ಎಲೆಕೋಸಿನ ಒಂದು ದೊಡ್ಡ ಎಲೆ ಬಿಡಿಸಿ ತೊಳೆದು ಅದರಲ್ಲೇ ಅವರಿಗೆ ಎಡೆ ಬಡಿಸಿದೆವು. ಮೊಸರನ್ನಕ್ಕೆ ಕರಿ ಎಳ್ಳು ಕಲಸಿ ಉಂಡೆ ಮಾಡಿದ ಸೆಲ್ವ. ಬಾಲ್ಕನಿ ಕಟ್ಟೆಯ ಮೇಲೆ ಇಟ್ಟು, ಕೈ ತೊಳೆದು, ಕರೆದ.

"ಕಾ... ಕಾ..."

ನನಗೋ ಹೊಟ್ಟೆ ಉರಿ ಶುರುವಾಗಿತ್ತು. ಅವನು ಕರೀತಿದ್ದಾಗ ಅಡಿಗೆಮನೆಗೆ ಹೋಗಿ ನನ್ನ ಸ್ಟೀಲ್ ತಟ್ಟೆಗೆ ಅನ್ನ ಸಾರು ಬಡಿಸಿಕೊಂಡೆ. ತಿನ್ನಲಿಲ್ಲ, ಅಷ್ಟು ಮರ್ಯಾದೆ ಇದೆ. ಇನ್ನೊಂದು ತಟ್ಟೆ ಬೋರಲು ಮುಚ್ಚಿಟ್ಟು, ಅಡಿಗೆಮನೆ ಬಾಗಿಲು ಎಳೆದುಕೊಂಡು ಬಂದೆ. ಕಾಗೆ ಮುಟ್ಟಿದ ಕೂಡಲೇ ಕೂರಬಹುದು ಅಂತ.

ಕಾಗೆ ಮುಟ್ಟಲಿಲ್ಲ.

ಅಲ್ಲಿನ ಕಾಗೆ ನೀವು ನೋಡಿಲ್ಲ. ನಮ್ಮ ಕೋಳಿಯಷ್ಟು ದಪ್ಪ, ಕತ್ತಿಯಂಥ ಕೊಕ್ಕು. ಬೆಳಿಗ್ಗೆ ಕಸದ ಚೀಲಕ್ಕೆ ಬಲೆ ಮುಚ್ಚದಿದ್ದರೆ ಐದು ನಿಮಿಷದಲ್ಲಿ ಬೀದಿ ತುಂಬ ಹರಡ್ತವೆ. ಅಂಥವು ಎದುರಿನ ಕರೆಂಟ್ ತಂತಿ ಮೇಲೆ ಸಾಲಾಗಿ ಕೂತು ನಮ್ಮನ್ನ ನೋಡಿದವು. ಒಂದೂ ಇಳೀಲಿಲ್ಲ.

ನಾಲ್ಕಾಯಿತು. ನಾಲ್ಕು ಇಪ್ಪತ್ತಾಯಿತು. ಚಳಿಗಾಲದ ಬಿಸಿಲನ್ನ ಅಲ್ಲಿ ಆಕಾಶ ಸಾಲ ಕೊಟ್ಟವರ ಹಾಗೆ ಬೇಗ ವಾಪಸ್ ತಗೊಳ್ತದೆ. ಕಾಗೆಗಳು ಒಂದೊಂದೇ ಗೂಡಿಗೆ ಹಾರಿದವು...

ಒಂದು ಉಳೀತು.

ಊರಲ್ಲಿ ಏನು ಮಾಡ್ತಾರೆ ಗೊತ್ತಲ್ಲ. ಕಾಗೆ ಮುಟ್ಟದಿದ್ದರೆ ಹೋದವರ ಮನಸ್ಸಲ್ಲಿ ಏನೋ ಉಳಿದಿದೆ ಅಂತ. ಅದೇನು ಅಂತ ಊಹಿಸಿ, ನಡೆಸಿಕೊಡ್ತೀವಿ ಅಂತ ಬಾಯಿಬಿಟ್ಟು ಮಾತು ಕೊಡಬೇಕು. ಸರಿಯಾದ ಮಾತು ಬಂದರೆ ಕಾಗೆ ಇಳೀತದೆ.

"ಅಮ್ಮ, ಪಳನಿಗೆ ಹೋಗಿ ಮುಡಿ ಕೊಡ್ತೀನಿ," ಅಂದ ಸೆಲ್ವ.

ಕಾಗೆ ಅಲ್ಲಾಡಲಿಲ್ಲ.

"ಸಿಗರೇಟ್ ಬಿಡ್ತೀನಿ."

ಕಾಗೆ ಮುಖ ತಿರುಗಿಸಿತು. ನಂಬಲಿಲ್ಲ ಅಂತ ಕಾಣ್ತದೆ. ಬೇರೆ ದಿನವಾಗಿದ್ದರೆ ನಗ್ತಿದ್ದೆವು.

"ಅವರಿಗೆ ಕಾಫಿ ಇಷ್ಟ ಅಲ್ವಾ, ಕಾಫಿ ಇಡೋಣ್ವಾ?" ಅಂದೆ ನಾನು.

ಸೆಲ್ವ ಬೇಡ ಅಂತ ಕೈಯಾಡಿಸಿದ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ, "ಸುರೇಶ, ಅಮ್ಮಂಗೆ ನೀನೇನಾದ್ರೂ ಹೇಳೋದಿದ್ಯಾ?"

"ನಾನಾ? ನಂದೇನಿದೆ... ಇಲ್ಲ."

ಕಾಗೆ ತಂತಿಯಿಂದ ಇಳಿದು ಕಟ್ಟೆಯ ತುದಿಗೆ ಬಂದು ಕೂತಿತು. ಅನ್ನ ನೋಡಲಿಲ್ಲ. ಸೆಲ್ವನನ್ನೂ ನೋಡಲಿಲ್ಲ. ಅವನ ಭುಜದ ಆಚೆ, ಬಾಗಿಲ ಗಾಜಿಗೆ ಒರಗಿ ನಿಂತಿದ್ದ ನನ್ನನ್ನ ನೋಡ್ತಿತ್ತು.

"ನೋಡು, ಯೋಚನೆ ಮಾಡು," ಅಂದ ಸೆಲ್ವ. "ಅವಳು ನಿನಗೂ ಊಟ ಹಾಕಿದಾಳೆ. ಏನೂ ಇಲ್ವಾ?"

"ಇಲ್ಲ ಸೆಲ್ವ."

"ಕೊನೇ ಸಲ ಕೇಳ್ತೀನಿ ಮಾರಾಯ."

ನಾಲಿಗೆ ತುದಿಗೆ ಬಂದಿತ್ತು. ದೇವರಾಣೆ ಬಂದಿತ್ತು. ಆದರೆ ಹೇಳಿದರೆ ಇವನು ನನ್ನನ್ನ ಈ ಬಾಲ್ಕನಿಯಿಂದ ಕೆಳಗೆ ತಳ್ಳಬಹುದು, ತಳ್ಳದಿದ್ದರೂ ಮಾತು ಬಿಡಬಹುದು, ಮಾತು ಬಿಟ್ಟರೆ ನಾಳೆ ಡಾಕ್ಟರ ಹತ್ತಿರ ನನ್ನ ಪರವಾಗಿ ಯಾರು ಮಾತಾಡ್ತಾರೆ... ಪಟ್ಟಿ ಮುಗಿಯುವಷ್ಟರಲ್ಲಿ ಬಾಯಿ ತಾನೇ "ಇಲ್ಲ" ಅಂದಿತ್ತು.

ಸೆಲ್ವ ತಲೆಯಾಡಿಸಿದ. ಕಾಗೆ ಕಡೆ ತಿರುಗಿ ಎರಡೂ ಕೈ ಜೋಡಿಸಿದ. ದನಿ ಏರಲಿಲ್ಲ. ಕಾರ್ಖಾನೆಯಲ್ಲಿ ಕೆಲಸ ಒಪ್ಪಿಸುವಾಗಿನ ದನಿಯೇ ಅದು.

"ಅಮ್ಮ. ನಾನು ನಿನ್ನ ನೋಡೋದನ್ನ ಯಾರು ತಪ್ಪಿಸಿದ್ರೋ ಅವರನ್ನ ನಿನಗೇ ಒಪ್ಪಿಸ್ತಿದೀನಿ. ನಾನು ಬೈಯಲ್ಲ, ಹೊಡೆಯಲ್ಲ. ಅವರು ಬದುಕಿರೋ ತನಕ ಅವರ ತಟ್ಟೇಲಿ ಮೊದಲ ತುತ್ತು ನಿಂದು. ನೀನೇ ಬಂದು ತಗೋ. ನಾನು ಅಡ್ಡ ಬರಲ್ಲ."

ಅಯ್ಯೋ ಮುರುಗೇಶ, ಅಂದುಕೊಂಡೆ ಮನಸ್ಸಲ್ಲಿ.

ಕಾಗೆ ಇನ್ನೂ ಕೂತೇ ಇತ್ತು.

"ಸಾಕ್ಷಿ ಬೇಕು ಅದಕ್ಕೆ," ಅಂದ ಸೆಲ್ವ. "ನೀನೂ ಒಂದು ಮಾತು ಹೇಳು. ಆಗಲಿ ಅನ್ನು."

ಕತ್ತಲಾಗ್ತಿತ್ತು. ಕೆಳಗೆ ಅಜ್ಜಿ ಬಾಗಿಲು ಸರಿಸಿದ ಸದ್ದಾಯಿತು. ನನಗೆ ಮುಗಿದರೆ ಸಾಕಾಗಿತ್ತು.

"ಆಗಲಿ," ಅಂದೆ.

ರೆಕ್ಕೆ ಬಡಿಯಲೂ ಇಲ್ಲ ಅದು. ಎರಡು ಹೆಜ್ಜೆ ನಡೆದು ಬಂದು ಉಂಡೆಗೆ ಕೊಕ್ಕು ಹಾಕಿತು.

ಆಗಲೇ... ಒಳಗಿಂದ ಸದ್ದು ಬಂತು. 'ಟಣ್' ಅಂತ. ಸ್ಟೀಲ್ ತಟ್ಟೆ ಮೇಲೆ ಸ್ಟೀಲ್ ತಟ್ಟೆ ಇಟ್ಟ ಹಾಗೆ.

ನಾವಿಬ್ಬರೂ ಬಾಲ್ಕನಿಯಲ್ಲಿದ್ದೆವು. ಮುಂಬಾಗಿಲಿಗೆ ನಾನೇ ಚಿಲಕ ಹಾಕಿದ್ದೆ. ಮೂರು ಸಲ ನೋಡಿದ್ದೆ.

"ಬೆಕ್ಕು ಬಂತಾ?" ಪಿಸುಗುಟ್ಟಿದೆ.

"ನಮ್ಮನೇಲಿ ಬೆಕ್ಕೆಲ್ಲಿದೆ ಮಾರಾಯ," ಅಂದ ಸೆಲ್ವ, ಕಾಗೆಯಿಂದ ಕಣ್ಣು ತೆಗೆಯದೆ.

ಗಾಜಿನ ಬಾಗಿಲು ಸರಿಸಿದೆ. ಹೀಟರ್ ಬಿಸಿ ಮುಖಕ್ಕೆ ಬಡೀತು. ಆ ಬಿಸಿಯಲ್ಲಿ ಎಳ್ಳೆಣ್ಣೆ ವಾಸನೆ... ನಮ್ಮ ಮನೆಯಲ್ಲಿ ಎಳ್ಳೆಣ್ಣೆ ಇರಲಿಲ್ಲ. ಸೂರ್ಯಕಾಂತಿ ಎಣ್ಣೆ ಬಿಟ್ಟರೆ ಬೇರೆಯದು ನನಗೆ ಆಗಿಬರೋದಿಲ್ಲ.

ಅಡಿಗೆಮನೆ ಬಾಗಿಲು ಎಳೆದ ಹಾಗೇ ಇತ್ತು. ತೆಗೆದು ಒಳಗೆ ಹೋದೆ. ದೀಪ ಹಾಕಿದೆ. ಎರಡು ನಿಮಿಷ ಇದ್ದೆ ಅಷ್ಟೇ. ವಾಪಸ್ ಬಂದಾಗ ಸೆಲ್ವ ತನ್ನ ತಟ್ಟೆಗೆ ಕೈ ಹಾಕಿದ್ದ.

"ನೀನು ಊಟ ಮಾಡಲ್ವಾ?"

"ಹಸಿವಿಲ್ಲ."

ಸೆಲ್ವ ನಕ್ಕ. ಹದಿನಾರು ದಿನದಲ್ಲಿ ಮೊದಲ ಸಲ. ಅವನು ಎಷ್ಟು ಹೊಟ್ಟೆತುಂಬ ಉಂಡ ಅಂದರೆ, ಎರಡು ಸಲ ಅನ್ನ ಹಾಕಿಕೊಂಡ. ಆಮೇಲೆ ಟೀ ಮಾಡಿ ನನಗೂ ಕೊಟ್ಟ. ಹೊರಗೆ ನಿಶ್ಶಬ್ದ. ಒಳ್ಳೆ ಗೆಳೆಯರಿಬ್ಬರು ಕೂತು ಟೀ ಕುಡಿಯುವ ಸಂಜೆ ಹೇಗಿರಬೇಕೋ ಹಾಗೇ ಇತ್ತು.

ಮರುವರ್ಷ ನಾನು ಕೆಲಸ ಮುಗಿಸಿ ವಾಪಸ್ ಬಂದೆ. ಈಗ ಶಿವಮೊಗ್ಗದ ರವೀಂದ್ರನಗರದಲ್ಲೇ ಇದ್ದೀನಿ. ನನ್ನ ಹೆಂಡತಿಯ ದೂರು ಒಂದೇ: "ಇವರು ಜಪಾನಿಂದ ಏನೂ ತರಲಿಲ್ಲ, ಒಂದು ಕೆಟ್ಟ ಚಾಳಿ ತಂದ್ರು. ಬಡಿಸಿದ ತಟ್ಟೆ ಒಂದು ಗಳಿಗೆ ಕೆಳಗಿಡಲ್ಲ. ಒಲೆ ಪಕ್ಕದಲ್ಲೇ ನಿಂತು ತಿಂತಾರೆ. ಯಾವ ಮದುವೆಗೆ ಹೋದ್ರೂ ಎಲೆ ಮೇಲೆ ಕೈ ಅಡ್ಡ ಇಟ್ಕೊಂಡು ಕೂತಿರ್ತಾರೆ, ಯಾರೋ ಕಸ್ಕೊಳ್ಳೋ ಹಾಗೆ."

ಹೋದ ಡಿಸೆಂಬರಲ್ಲಿ ಸೆಲ್ವ ರಜಕ್ಕೆ ಬಂದವನು ಫೋನ್ ಮಾಡಿದ. "ಅಮ್ಮನ ತಿಥಿ. ನೀನು ಬರಲೇಬೇಕು." ಬಸ್ಸು ಹತ್ತಿದವನು ಭದ್ರಾವತಿ ಬರೋವರೆಗೂ ಹೊಸ ಪಟ್ಟಿ ಮಾಡಿದೆ. ಅಣ್ಣತಮ್ಮಂದಿರು ನನ್ನ ಮುಂದೆಯೇ ಹೊಡೆದಾಡಬಹುದು. ಮುರುಗೇಶ ಒಣಗಿ ಕಡ್ಡಿಯಾಗಿರಬಹುದು, ಮೊದಲ ತುತ್ತು ದಕ್ಕದೆ. ಅದನ್ನ ನೋಡಿ ನಾನು ಅತ್ತುಬಿಡಬಹುದು. ಇವತ್ತು ಹೇಳಿಬಿಡಲೇಬೇಕು ಅಂತ ಗಟ್ಟಿ ಮಾಡಿಕೊಂಡಿದ್ದೆ. ನನ್ನ ಸುಳ್ಳಿಗೆ ಒಂದು ಮನೆ ಒಡೆದಿದೆ, ಸಾಕು ಇನ್ನು.

ಹಿತ್ತಲಲ್ಲಿ ಮುರುಗೇಶ ಸಿಕ್ಕ. ಗುಂಡಗಿದ್ದ. ಕಾಲಿಗೆ ನೀರು ಕೊಟ್ಟ.

"ಅಣ್ಣನ ಜೊತೆ... ರಾಜಿ ಆಯ್ತಾ?" ಕೇಳಿದೆ.

"ಯಾವ ರಾಜಿ ಅಣ್ಣ?"

"ಅಲ್ಲ, ಅಮ್ಮ ಹೋದಾಗ... ಜಗಳ, ಮಾತು ಬಿಟ್ಟಿದ್ದು..."

"ನಮಗಾ? ಜಗಳನಾ?" ಮುರುಗೇಶ ನಕ್ಕುಬಿಟ್ಟ. "ದಿನಾ ರಾತ್ರಿ ನೀವು ಮಲಗಿದ ಮೇಲೆ ಹೊರಗೆ ಹೋಗಿ ಫೋನ್ ಮಾಡ್ತಿದ್ದ ಅಣ್ಣ. ಹದಿನಾರನೇ ದಿನಾನೂ ಮಾಡಿದ್ದ. ಜಗಳ ಅಂತ ಯಾರು ಹೇಳಿದ್ರು ನಿಮಗೆ?"

ಚೊಂಬು ನನ್ನ ಕೈಯಲ್ಲೇ ಇತ್ತು. ನೀರು ಕಾಲ ಮೇಲೆ ಬೀಳ್ತಲೇ ಇತ್ತು.

"ನೀವು ಅಮ್ಮನ ಹತ್ರ ಕೊನೆಗೆ ಮಾತಾಡಿದ್ರಲ್ಲ," ಅಂದ ಮುರುಗೇಶ, ಬಹಳ ಪ್ರೀತಿಯಿಂದ. "ಅವತ್ತು ಫೋನ್ ನಾನೇ ಹಿಡ್ಕೊಂಡು ಕೂತಿದ್ದೆ ಅವಳ ಕಿವಿಗೆ. 'ಸುರೇಶ ಹೇಳ್ತಾನೆ, ಸೆಲ್ವ ಬರ್ತಾನೆ' ಅಂತ ನಾಲ್ಕು ದಿನ ಬಾಗಿಲೇ ನೋಡ್ತಿದ್ಲು, ನಾನೂ ಅಣ್ಣ ದಾರೀಲಿದಾನೆ ಅಂದ್ಕೊಂಡಿದ್ದೆ. ಅಣ್ಣಂಗೆ ಅವತ್ತೇ ಹೇಳಿದೆ ಇದನ್ನ, ಅವಳು ಹೋದ ದಿನಾನೇ."

ಅವಳು ಹೋದ ದಿನವೇ.

ಅಂದರೆ ಆ ಹದಿನೈದು ದಿನವೂ ಸೆಲ್ವನಿಗೆ ಗೊತ್ತಿತ್ತು. ನಾನು ಪಾತ್ರೆ ತೊಳೀತಿದ್ದಾಗ ಗೊತ್ತಿತ್ತು. ಬಾಲ್ಕನಿಯಲ್ಲಿ ಮೂರು ಸಲ ಕೇಳಿದಾಗ ಗೊತ್ತಿತ್ತು.

ಸೆಲ್ವ ಗೋಡೆ ಹತ್ತಿರ ಎಲೆ ಇಡ್ತಿದ್ದ. ಹೋಗಿ ಪಕ್ಕದಲ್ಲಿ ನಿಂತೆ. ಈ ಸಲ ಅವನು ಕೇಳುವ ಮೊದಲೇ ಹೇಳಿದೆ. ಫೋನ್, ತಪಾಸಣೆ, ಅಳಿಸಿದ್ದು, ಎಲ್ಲ. "ತಪ್ಪಾಯ್ತು ಸೆಲ್ವ. ಆ ಮಾತು ವಾಪಸ್ ತಗೋ. ನಿನ್ನ ಕಾಲಿಗೆ ಬೀಳ್ತೀನಿ."

ಅವನು ಎಲೆಯ ತುದಿ ಸರಿ ಮಾಡಿ, ಕೈ ಒರೆಸಿಕೊಂಡ.

"ನಂಗ್ಯಾಕೆ ಹೇಳ್ತೀಯ ಮಾರಾಯ? ನಂಗೆ ನಿನ್ನ ಮೇಲೆ ಏನೂ ಇಲ್ಲ. ನಾನು ಅವತ್ತೇ ಒಪ್ಪಿಸಿಬಿಟ್ಟೆ." ನನ್ನ ಭುಜ ತಟ್ಟಿದ. "ನೀನೂ ಆಗಲಿ ಅಂದೆ. ಇನ್ನು ನಿಮ್ಮಿಬ್ಬರಿಗೆ ಬಿಟ್ಟಿದ್ದು. ಬಾ, ಊಟಕ್ಕೆ ಕೂರು."

ಒಳ್ಳೆ ಊಟ. ಪಾಯಸ ಎರಡು ಸಲ ಬಡಿಸಿದರು. ಬಸ್‌ಸ್ಟ್ಯಾಂಡಿಗೆ ಸೆಲ್ವನೇ ಬೈಕಲ್ಲಿ ಬಿಟ್ಟ. ನನ್ನ ಪಟ್ಟಿಯಲ್ಲಿದ್ದ ಒಂದೂ ಆಗಲಿಲ್ಲ.

ಜಪಾನಿನ ಆ ಸಂಜೆಯೂ ಹಾಗೇ. ಅಲಾರಂ ಹೊಡೆಯಲಿಲ್ಲ. ಅಜ್ಜಿ ಮೇಲೆ ಬರಲಿಲ್ಲ. ಹಾಸಿಗೆ ಮೇಲೆ ಒಂದು ಅಗುಳೂ ಬೀಳಲಿಲ್ಲ. ಕೆಟ್ಟದ್ದು ಒಂದೇ, ಸಣ್ಣದು ಅಂದೆನಲ್ಲ... ಅಡಿಗೆಮನೆಗೆ ಹೋಗಿ ದೀಪ ಹಾಕಿ, ಮುಚ್ಚಿದ ತಟ್ಟೆ ಎತ್ತಿದೆ. ಅನ್ನ ನಾನು ಬಡಿಸಿದ ಹಾಗೇ ಇತ್ತು, ಆರಿತ್ತು ಅಷ್ಟೇ. ನನಗೆ ಎದುರಾದ ಬದಿಯಲ್ಲಿ ಮಾತ್ರ ಒಂದು ಹಿಡಿ ಕಡಿಮೆ ಇತ್ತು. ಕೈ ಎದ್ದ ಜಾಗ ಕುಳಿಯಾಗಿತ್ತು. ಕುಳಿಯ ಪಕ್ಕದಲ್ಲಿ, ಮಡಚದ ಬೆರಳು ಎಳೆದ ಹಾಗೆ, ಉದ್ದನೆ ಒಂದು ಗೀರು.